ತಮಾಷೆ ಮಾಡಿದವರೇ ಪುಕ್ಕಟೆ ಸೆಷನ್ ಕೇಳಿದಾಗ: ಹೊಸ ಹಿಪ್ನಾಟಿಸ್ಟ್ ಒಬ್ಬರ ಪ್ರಕರಣ

ಹಿಪ್ನಾಸಿಸ್ ಕಲಿತು ಈಗಷ್ಟೇ ಕೆಲಸ ಶುರು ಮಾಡಿದವರ ಜೊತೆ ಕೂತು ಅವರ ಕೇಸುಗಳನ್ನು ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಟ್ರಾನ್ಸ್ (ಗಮನ ಒಳಗೆ ಇಳಿದ ಸ್ಥಿತಿ) ಎಷ್ಟು ಆಳ ಇರಬೇಕು, ಸಜೆಷನ್ (ಆ ಸ್ಥಿತಿಯಲ್ಲಿ ಕೊಡುವ ಸೂಚನೆ) ಹೇಗೆ ಬರೆಯಬೇಕು ಅಂತ ಅವರು ಕೇಳುವುದು ಕಡಿಮೆ. ಜಾಸ್ತಿ ಬರುವ ಪ್ರಶ್ನೆಗಳು ಬೇರೆ. ಜನ ಗೇಲಿ ಮಾಡಿದರೆ ಏನು ಹೇಳಲಿ? ಪರಿಚಯದವರು ದುಡ್ಡಿಲ್ಲದೆ ಸೆಷನ್ ಕೇಳಿದರೆ ಹೇಗೆ ತಪ್ಪಿಸಿಕೊಳ್ಳಲಿ? ಈ ಪ್ರಕರಣದಲ್ಲಿ ಗೇಲಿ ಮಾಡಿದವರೂ ಪುಕ್ಕಟೆ ಕೇಳಿದವರೂ ಒಬ್ಬರೇ. ಅದಕ್ಕೇ ಇದನ್ನು ಪೂರ್ತಿ ಬರೆಯೋಣ ಅನ್ನಿಸಿತು. ಆ ಹಿಪ್ನಾಟಿಸ್ಟ್, ಗೇಲಿ ಮಾಡಿದವರು ಇಬ್ಬರೂ ಒಪ್ಪಿದ್ದಾರೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಆಕೆ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಹಿಪ್ನಾಸಿಸ್ ತರಬೇತಿ ಮುಗಿಸಿ, ರಜೆಯ ದಿನಗಳಲ್ಲಿ ಮಾತ್ರ ಕ್ಲೈಂಟ್‌ಗಳನ್ನು ನೋಡಲು ಶುರು ಮಾಡಿದ್ದರು. ಈ ವಿಷಯವನ್ನು ಕಚೇರಿಯಲ್ಲಿ ತಾವೇ ಹೇಳಿದರು. ಮುಚ್ಚಿಡುವಂಥದ್ದೇನೂ ಅಲ್ಲ, ಹೇಳಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಅನ್ನುವ ಲೆಕ್ಕ.

ಮರುದಿನದಿಂದಲೇ ಶುರು. "ಮೇಡಂ ಕಣ್ಣು ನೋಡ್ಬೇಡ್ರೋ, ಎಟಿಎಂ ಪಿನ್ ಹೇಳ್ಬಿಡ್ತೀರ." "ಬಾಸ್‌ಗೆ ಒಂದು ಸಲ ಮಾಡಿ, ಸಂಬಳ ಜಾಸ್ತಿ ಆಗ್ಲಿ." "ನನ್ನ ಹೆಂಡ್ತಿಗೆ ಸ್ವಲ್ಪ ಕಡಿಮೆ ಮಾತಾಡೋ ಹಾಗೆ ಮಾಡ್ತೀರಾ?" ವೇದಿಕೆ ಶೋಗಳ ಹಾಗೆ ಕೋಳಿ ಥರ ಕೂಗಿಸುವ ಜೋಕ್ ಅಂತೂ ಇದ್ದೇ ಇರುತ್ತದೆ. ಈ ಕೆಲಸಕ್ಕೆ ಬಂದವರಲ್ಲಿ ಅದನ್ನು ಕೇಳದವರು ಯಾರೂ ಇರಲಿಕ್ಕಿಲ್ಲ.

ಇವರೆಲ್ಲರಲ್ಲಿ ಒಬ್ಬ ಸಹೋದ್ಯೋಗಿಯದು ಜಾಸ್ತಿಯಾಗಿತ್ತು. ಕೆಟ್ಟ ಮನುಷ್ಯ ಅಲ್ಲ, ಎಲ್ಲರನ್ನೂ ನಗಿಸುವವರು. ಆದರೆ ಆಕೆ ಎದುರು ಬಂದರೆ ಸಾಕು, ಒಂದು ಡೈಲಾಗ್ ಬೀಳುತ್ತಿತ್ತು.

ಮೊದಮೊದಲು ಆಕೆ ಪ್ರತಿ ಜೋಕಿಗೂ ವಿವರಣೆ ಕೊಟ್ಟರು. ಹಿಪ್ನಾಸಿಸ್ ಅಂದರೆ ನಿದ್ದೆ ಅಲ್ಲ, ಪ್ರಜ್ಞೆ ತಪ್ಪುವುದಿಲ್ಲ, ಇಷ್ಟ ಇಲ್ಲದ್ದನ್ನು ಯಾರೂ ಮಾಡಿಸಲಾಗದು, ಹೀಗೆ. ಹೇಳಿದ್ದೆಲ್ಲ ಸರಿಯೇ. ಆದರೆ ನಗಲು ಬಂದವರ ಮುಂದೆ ಪಾಠ ಮಾಡಿದರೆ ಆ ಪಾಠವೇ ಮುಂದಿನ ಜೋಕ್ ಆಗುತ್ತದೆ. "ಓ, ಕ್ಲಾಸ್ ಶುರುವಾಯ್ತು!" ಆಮೇಲೆ ಸುಮ್ಮನಾದರು. ಅದೂ ಕೆಲಸ ಮಾಡಲಿಲ್ಲ, ಮೇಡಂ ಬೇಜಾರಾಗಿದ್ದಾರೆ ಅಂತ ಇನ್ನೊಂದು ಸುತ್ತು ನಗು. ನನ್ನ ಬಳಿ ಬಂದಾಗ ಆಕೆ ಕೇಳಿದ್ದು, "ಕಚೇರಿಯಲ್ಲಿ ಹೇಳಲೇಬಾರದಿತ್ತಾ?"

ಜೋಕು ಎಲ್ಲಿಂದ ಬರುತ್ತದೆ

ಹೇಳಿದ್ದು ಸರಿಯೇ ಅಂದೆ. ಜೊತೆಗೆ, ಈ ಗೇಲಿ ಆಕೆಯ ಮೇಲಿನದಲ್ಲ ಅನ್ನುವುದನ್ನು ಮೊದಲು ತಲೆಗೆ ಹಾಕಿಕೊಳ್ಳಲು ಹೇಳಿದೆ. ಈ ವಿದ್ಯೆಗೆ ಹುಟ್ಟಿನಿಂದಲೇ ವೇದಿಕೆಯ ನಂಟಿದೆ. ಹಿಪ್ನಾಸಿಸ್‌ನ ಬೇರು ಇರುವುದು ಮೆಸ್ಮರ್ ಎಂಬ ವೈದ್ಯನ ಚಿಕಿತ್ಸೆಯಲ್ಲಿ. 1784ರಲ್ಲಿ ಫ್ರಾನ್ಸ್‌ನ ದೊರೆ ಅದನ್ನು ಪರೀಕ್ಷಿಸಲು ಒಂದು ಆಯೋಗ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲಾವೋಸಿಯೇ ಅದರಲ್ಲಿದ್ದರು. ಮೆಸ್ಮರ್ ಹೇಳುತ್ತಿದ್ದ 'ಪ್ರಾಣಿ ಕಾಂತತ್ವ' ಎಂಬ ಕಣ್ಣಿಗೆ ಕಾಣದ ಶಕ್ತಿ ಇಲ್ಲ, ಕಾಣುವ ಪರಿಣಾಮವೆಲ್ಲ ಕಲ್ಪನೆಯಿಂದ ಆಗುವುದು ಅಂತ ಅವರು ತೀರ್ಮಾನಿಸಿದರು. 1841ರಲ್ಲಿ ಜೇಮ್ಸ್ ಬ್ರೇಡ್ ಎಂಬ ವೈದ್ಯ ಮ್ಯಾಂಚೆಸ್ಟರ್‌ನಲ್ಲಿ ಲಾಫೋಂಟೆನ್ ಎಂಬಾತನ ಮೆಸ್ಮರ್ ವಿದ್ಯೆಯ ಪ್ರದರ್ಶನ ನೋಡಲು ಹೋದದ್ದು ಮೋಸ ಬಯಲು ಮಾಡುವ ಯೋಚನೆಯಲ್ಲೇ. ನೋಡಿದ್ದನ್ನು ಬಿಡಲಾಗದೆ ತಾನೇ ಪ್ರಯೋಗ ಶುರು ಮಾಡಿದ. ಹಿಪ್ನಾಸಿಸ್ ವೈದ್ಯಕೀಯದ ಕಡೆ ತಿರುಗಿದ್ದರಲ್ಲಿ ಆತನ ಪಾಲು ದೊಡ್ಡದು. ಅಂದರೆ ಅನುಮಾನ, ನಗು, ಪ್ರದರ್ಶನ ಇವೆಲ್ಲ ನಮಗಿಂತ ಹಳೆಯವು.

ಇನ್ನು ವೇದಿಕೆ ಹಿಪ್ನಾಟಿಸ್ಟ್‌ಗಳ ಗುಟ್ಟು. ಅವರು ಸಿಕ್ಕಸಿಕ್ಕವರನ್ನು ಕೋಳಿ ಮಾಡುವುದಿಲ್ಲ. ಮೊದಲು ಇಡೀ ಸಭೆಗೆ ಬೆರಳು ಹೆಣೆದುಕೊಳ್ಳಿ, ಬಿಡಿಸಲಾಗುತ್ತಿಲ್ಲ ಅಂದುಕೊಳ್ಳಿ ಎಂಬಂಥ ಸಣ್ಣ ಪರೀಕ್ಷೆ ಕೊಡುತ್ತಾರೆ. ಯಾರಿಗೆ ಸುಲಭವಾಗಿ ಹಿಡಿಯಿತೋ, ಯಾರು ಖುಷಿಯಾಗಿ ವೇದಿಕೆಗೆ ಬಂದರೋ ಅವರನ್ನಷ್ಟೇ ಇಟ್ಟುಕೊಂಡು ಉಳಿದವರನ್ನು ವಾಪಸ್ ಕಳಿಸುತ್ತಾರೆ. ಹಿಪ್ನಾಸಿಸ್‌ಗೆ ಜನ ಒಂದೇ ರೀತಿ ಸ್ಪಂದಿಸುವುದಿಲ್ಲ ಅನ್ನುವುದು ಸಂಶೋಧನೆಯಲ್ಲೂ ಗಟ್ಟಿಯಾದ ವಿಷಯ. ವೈಟ್ಸೆನ್‌ಹೋಫರ್ ಮತ್ತು ಹಿಲ್ಗಾರ್ಡ್ 1962ರಲ್ಲಿ ಪ್ರಕಟಿಸಿದ ಸ್ಟ್ಯಾನ್‌ಫರ್ಡ್ ಮಾಪಕದ (ಯಾರು ಎಷ್ಟು ಸ್ಪಂದಿಸುತ್ತಾರೆ ಅಂತ ಅಳೆಯುವುದು) 'ಸಿ' ರೂಪದಲ್ಲಿ 12 ಪರೀಕ್ಷೆಗಳಿವೆ. ಹೆಚ್ಚಿನವರು ನಡುವೆ ಬರುತ್ತಾರೆ, ತುಂಬಾ ಚೆನ್ನಾಗಿ ಸ್ಪಂದಿಸುವವರು ಸುಮಾರು ಶೇ 10ರಿಂದ 15.

ಬ್ರಿಟನ್‌ನಲ್ಲಿ ಮನರಂಜನೆಗಾಗಿ ಹಿಪ್ನಾಸಿಸ್ ತೋರಿಸುವುದಕ್ಕೆಂದೇ 1952ರಿಂದ ಒಂದು ಕಾಯ್ದೆ ಇದೆ. ನಗುವಿನ ಕಾರ್ಯಕ್ರಮಕ್ಕೂ ಅನುಮತಿ ಕೇಳುವಷ್ಟು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆಕೆಗೆ ಈ ಮಾಹಿತಿ ತುಂಬಾ ಇಷ್ಟವಾಯಿತು. ನಾಳೆ ಎಲ್ಲರಿಗೂ ಹೇಳುತ್ತೇನೆ ಅಂದರು. ಬೇಡ ಅಂದೆ. ಇದು ನಿಮ್ಮ ಧೈರ್ಯಕ್ಕೆ, ಅವರ ತಿಳುವಳಿಕೆಗಲ್ಲ.

ಬರೆದಿಟ್ಟುಕೊಂಡ ಜೋಕುಗಳು

ಆಕೆಗೆ ಕೊಟ್ಟ ಕೆಲಸ ಒಂದೇ. ಜೋಕುಗಳನ್ನು ಹೇಳಿದ ಹಾಗೇ ಬರೆದು ತನ್ನಿ. ಯಾರು ಹೇಳಿದರು, ಹೇಳಿ ಹೊರಟುಹೋದರಾ, ಉತ್ತರಕ್ಕೆ ನಿಂತರಾ, ಅಷ್ಟು ಸಾಕು.

ಜೋಕು ಮಾಡುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಿರುವುದಿಲ್ಲ. ಹೇಳಿದರು, ನಕ್ಕರು, ಹೋದರು. ಕೆಲವರು ನಕ್ಕು ಅಲ್ಲೇ ನಿಲ್ಲುತ್ತಾರೆ. ಅವರಿಗೆ ಕುತೂಹಲ ಇದೆ, ನೇರ ಕೇಳಲು ಸಂಕೋಚ. ಇನ್ನೂ ಕೆಲವರು ಬೇರೆ ಬೇರೆ ಮಾತಲ್ಲಿ ಒಂದೇ ವಿಷಯಕ್ಕೆ ಬರುತ್ತಿರುತ್ತಾರೆ. ಇವರನ್ನು ಗಮನಿಸಬೇಕು.

ಆ ಸಹೋದ್ಯೋಗಿಯ ಹಾಳೆ ಓದಿದಾಗ ಅದೇ ಕಂಡಿತು. "ಹಿಪ್ನಟೈಸ್ ಮಾಡಿದ್ರೆ ಸೂಜಿ ಚುಚ್ಚಿದ್ರೂ ಗೊತ್ತಾಗಲ್ವಂತೆ, ನಿಜಾನಾ ಮೇಡಂ?" "ನಾನು ಧೊಪ್ಪಂತ ಬಿದ್ರೆ ಎತ್ತೋರು ಯಾರು?" "ಎಚ್ಚರ ತಪ್ಪಿದ್ದು ಮತ್ತೆ ಬರದೇ ಇದ್ರೆ?" ನಡುವೆ ಬಾಸ್, ಸಂಬಳ, ಕೋಳಿ ಎಲ್ಲ ಇತ್ತು. ಆದರೆ ಸೂಜಿ ಮತ್ತು ಬೀಳುವುದು ಮತ್ತೆ ಮತ್ತೆ ಬರುತ್ತಿತ್ತು. ಅದರಿಂದ ಏನನ್ನೂ ತೀರ್ಮಾನಿಸುವ ಹಾಗಿರಲಿಲ್ಲ. ಜೋಕಿನ ಒಳಗೆ ಏನೋ ಇದೆ ಅಂತ ಊಹಿಸಿ ಮುಖದ ಮೇಲೆ ಕೇಳುವುದು ಕೆಟ್ಟ ಅಭ್ಯಾಸ, ಹೊಸಬರಿಗೆ ಅದರ ಆಸೆ ಜಾಸ್ತಿ. ಸುಮ್ನೆ ಗಮನದಲ್ಲಿಟ್ಟುಕೊಳ್ಳಿ ಅಂದೆ.

ಉತ್ತರಕ್ಕೆ ನಾವು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಮೊದಲು ಅವರ ಜೊತೆ ನಗುವುದು. ಆಮೇಲೆ ಒಂದೇ ಸಾಲಿನಲ್ಲಿ ಬಾಗಿಲು ತೆರೆದಿಡುವುದು. ಕೋಳಿ ಜೋಕಿಗೆ ಆಕೆಯೇ ಕಂಡುಕೊಂಡ ಉತ್ತರ: "ಕೋಳಿ ಮಾಡೋದು ಸೀನಿಯರ್‌ಗಳ ಸಿಲಬಸ್, ನಾನಿನ್ನೂ ಜೂನಿಯರ್. ನಿಜವಾಗ್ಲೂ ತಿಳ್ಕೋಬೇಕು ಅಂದ್ರೆ ಸಂಜೆ ಸಿಗಿ, ಹೇಳ್ತೀನಿ." ಅಷ್ಟೇ. ಸಂಜೆ ಬರುವವರು ಬರುತ್ತಾರೆ, ಉಳಿದವರಿಗೆ ಜೋಕು ಅಲ್ಲಿಗೇ ಮುಗಿಯಿತು.

ಎರಡು ಬಗೆಯ ಉತ್ತರ ಮಾತ್ರ ಖಂಡಿತ ಬೇಡ ಅಂದಿದ್ದೆ. ಒಂದು, "ನೀವು ಈಗಾಗ್ಲೇ ನನ್ನ ವಶದಲ್ಲಿದ್ದೀರಿ" ಅನ್ನುವ ಥರದ್ದು. ಅದು ನಗು ತರಿಸುತ್ತದೆ ನಿಜ. ಆದರೆ ನಮ್ಮ ಕೈಯಲ್ಲಿ ಗುಟ್ಟಾದ ಶಕ್ತಿ ಇದೆ ಅನ್ನುವ ಭಯಕ್ಕೇ ನಾವು ಮತ್ತಷ್ಟು ಗಾಳಿ ಹಾಕಿದ ಹಾಗೆ. ನಾಳೆ ಸಹಾಯ ಬೇಕಾದವರು ಆ ಭಯದಿಂದಲೇ ಬರುವುದಿಲ್ಲ. ಇನ್ನೊಂದು, ಕ್ಲೈಂಟ್‌ಗಳ ಬಗ್ಗೆ ಜೋಕ್. ಹೆಸರು ಹೇಳದಿದ್ದರೂ ಬೇಡ. ಕೇಳಿದವರು ಆ ಕ್ಷಣಕ್ಕೆ ನಗುತ್ತಾರೆ, ಆಮೇಲೆ ನಮ್ಮ ಬಗ್ಗೆಯೂ ಹೀಗೇ ಮಾತಾಡುತ್ತಾರೆ ಅಂತ ಒಳಗೇ ಲೆಕ್ಕ ಹಾಕುತ್ತಾರೆ.

ಪಾರ್ಟಿಯ ಸವಾಲು

ಒಬ್ಬರ ಬೀಳ್ಕೊಡುಗೆ ಪಾರ್ಟಿ. ಎಲ್ಲರೂ ಸೇರಿದ್ದರು. ಆ ಸಹೋದ್ಯೋಗಿ ಎದ್ದು ನಿಂತು, "ಇವತ್ತು ಮೇಡಂ ಡೆಮೋ ಕೊಡ್ತಾರೆ! ನನ್ನ ಮೇಲೇ ಮಾಡಿ. ಆಗಲ್ಲ ಅಂತ ಬೆಟ್!" ಅಂದರು. ಚಪ್ಪಾಳೆ ಬಿತ್ತು.

ಇಂಥ ಹೊತ್ತಲ್ಲಿ ಮಾಡಿ ತೋರಿಸಿ, ಹೆಸರು ಬರುತ್ತದೆ ಅನ್ನುವ ತರಬೇತುದಾರರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಟ್ ಕಟ್ಟಿ ಕೂತವರು ಗೆಲ್ಲಲು ಕೂತಿರುತ್ತಾರೆ. ಹಿಪ್ನಾಸಿಸ್ ಅವರ ಸಹಕಾರ ಇಲ್ಲದೆ ನಡೆಯುವಂಥದ್ದಲ್ಲ. ಏನೂ ಆಗದಿದ್ದರೆ ಹೊಸಬರ ಹೆಸರು ಹೋಯಿತು. ಆದರೆ ನನಗೆ ಜಾಸ್ತಿ ಚಿಂತೆ, ಏನಾದರೂ ಆಗಿಬಿಟ್ಟರೆ ಅನ್ನುವುದು. ತುಂಬಾ ಚೆನ್ನಾಗಿ ಸ್ಪಂದಿಸುವ ಒಬ್ಬರು ಎಲ್ಲರೆದುರು ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದರೆ? ಅವರ ಆರೋಗ್ಯದ ಹಿನ್ನೆಲೆ ಕೇಳಿಲ್ಲ, ಮನೋರೋಗದ ಚಿಕಿತ್ಸೆಯಲ್ಲಿದ್ದಾರಾ, ಮೂರ್ಛೆ ರೋಗ ಇದೆಯಾ ಗೊತ್ತಿಲ್ಲ. ಸುತ್ತ ಮೊಬೈಲ್‌ಗಳು ವಿಡಿಯೋ ಮಾಡುತ್ತಿರುತ್ತವೆ.

ಆಕೆ ಇದಕ್ಕೆ ಮೊದಲೇ ತಯಾರಾಗಿದ್ದರು. "ಬೆಟ್ ನೀವೇ ಗೆದ್ರಿ. ಬೇಡ ಅಂತ ಕೂತವರನ್ನ ಯಾರೂ ಹಿಪ್ನಟೈಸ್ ಮಾಡಕ್ಕಾಗಲ್ಲ. ಆದ್ರೆ ಒಂದು ಆಟ ತೋರಿಸ್ತೀನಿ, ಎಲ್ಲರೂ ಆಡಬಹುದು" ಅಂದು, ದಾರಕ್ಕೆ ಕಟ್ಟಿದ ಒಂದು ಉಂಗುರ ತೆಗೆದರು. ಕಾಗದದ ಮೇಲೆ ಒಂದಕ್ಕೊಂದು ಅಡ್ಡವಾಗಿ ಎರಡು ಗೆರೆ ಎಳೆದರು. ದಾರ ಹಿಡಿದುಕೊಳ್ಳಿ, ಕೈ ಅಲ್ಲಾಡಿಸಬೇಡಿ, ಉಂಗುರ ಈ ಗೆರೆಯ ಉದ್ದಕ್ಕೆ ತೂಗುತ್ತಿದೆ ಅಂತ ಸುಮ್ನೆ ಕಲ್ಪಿಸಿಕೊಳ್ಳಿ. ಸ್ವಲ್ಪ ಹೊತ್ತಿಗೆ ಹಲವರ ಕೈಯಲ್ಲಿ ಉಂಗುರ ತೂಗತೊಡಗಿತು. ಈಗ ಇನ್ನೊಂದು ಗೆರೆ ಅಂದರು, ದಿಕ್ಕು ಬದಲಾಯಿತು.

ಇದು ಹಳೆಯ ವಿಷಯ. ಫ್ರಾನ್ಸ್‌ನ ರಸಾಯನ ವಿಜ್ಞಾನಿ ಶೆವ್ರೂಲ್ 1833ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕಲ್ಪನೆಯಿಂದ ನಮಗೇ ಗೊತ್ತಾಗದಷ್ಟು ಸಣ್ಣ ಚಲನೆ ಸ್ನಾಯುಗಳಲ್ಲಿ ಆಗುತ್ತದೆ, ದಾರ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಕಣ್ಣು ಕಟ್ಟಿಕೊಂಡರೆ ತೂಗುವುದು ಕಡಿಮೆಯಾಗುತ್ತದೆ ಅಂತ ಆತನೇ ಕಂಡುಕೊಂಡಿದ್ದ. ಪಾರ್ಟಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅನಿಸಿಕೆ. ಯಾರನ್ನೂ ಟ್ರಾನ್ಸ್‌ಗೆ ಕರೆದೊಯ್ಯುವುದಿಲ್ಲ, ಯಾರೂ ನಗೆಪಾಟಲಾಗುವುದಿಲ್ಲ. ದಾರ ಅವರ ಕೈಯಲ್ಲೇ ಇರುವುದರಿಂದ, ಇದರಲ್ಲಿ ಕೆಲಸ ಮಾಡುತ್ತಿರುವುದು ತಮ್ಮದೇ ಮನಸ್ಸು ಅಂತ ಹೇಳದೆಯೇ ಗೊತ್ತಾಗುತ್ತದೆ.

ಸಹೋದ್ಯೋಗಿಯ ಕೈಯಲ್ಲೂ ತೂಗಿತು. ಆತ ಜೋರಾಗಿ ನಕ್ಕು ದಾರವನ್ನು ಪಕ್ಕದವರಿಗೆ ಕೊಟ್ಟರು. ಆಮೇಲೆ ಅವತ್ತು ಜೋಕು ಮಾಡಲಿಲ್ಲ.

ರಾತ್ರಿ ಬಂದ ಮೆಸೇಜ್

ಕೆಲವು ದಿನಗಳಾದ ಮೇಲೆ, ರಾತ್ರಿ ತಡವಾಗಿ, ಅವರಿಂದ ವಾಟ್ಸ್‌ಆ್ಯಪ್ ಬಂತು. ಒಂದು ಸಣ್ಣ ಆಪರೇಷನ್ ಇದೆ. ಅದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಸೂಜಿ ಅಂದರೆ ಭಯ, ಮುಂದೂಡುತ್ತಲೇ ಬಂದಿದ್ದೇನೆ. "ನಾಳೆ ಲಂಚ್ ಟೈಮಲ್ಲಿ ಹತ್ತು ನಿಮಿಷ ಮಾಡ್ಬಿಡಿ ಮೇಡಂ, ಫ್ರೀಯಾಗಿ. ಫ್ರೆಂಡ್ ಅಲ್ವಾ. ಯಾರಿಗೂ ಹೇಳ್ಬೇಡಿ." ಕೊನೆಗೆ ಒಂದು ಕೋಳಿಯ ಇಮೋಜಿ.

ಆಕೆ ಉತ್ತರಿಸುವ ಮೊದಲು ನನಗೆ ಫೋನ್ ಮಾಡಿದರು. ಇಷ್ಟು ದಿನ ಗೇಲಿ ಮಾಡಿ ಈಗ ಪುಕ್ಕಟೆ ಬೇರೆ ಅನ್ನುವ ಸಿಟ್ಟು ಸ್ವಲ್ಪ ಇತ್ತು, ಸಹಜ. ಅದರ ಜೊತೆಗೇ ಒಂದು ಆಸೆಯೂ ಇತ್ತು: ಇದು ಫಲಿಸಿದರೆ ಇಡೀ ಕಚೇರಿ ಬಾಯಿ ಮುಚ್ಚುತ್ತದೆ. ಸಿಟ್ಟಿಗಿಂತ ಈ ಆಸೆಯೇ ಅಪಾಯ ಅಂತ ನನಗೆ ಅನ್ನಿಸಿತು. ಆತನ ಸೂಜಿ ಭಯ ಆಕೆಯ ಮರ್ಯಾದೆ ಉಳಿಸುವ ಕೆಲಸ ಮಾಡಬಾರದು.

ಆಕೆ ಮೊದಲು ಬರೆದಿಟ್ಟಿದ್ದ ಉತ್ತರದಲ್ಲಿ ಫೀಸ್ ವಿಷಯ ಮುಂದೆ ಇತ್ತು. ನಾವು ಅದನ್ನು ಹಿಂದಕ್ಕೆ ಹಾಕಿದೆವು. ಕಳಿಸಿದ್ದು ಹೀಗೆ: "ಹೇಳಿದ್ದು ಒಳ್ಳೇದಾಯ್ತು. ಯಾರಿಗೂ ಹೇಳಲ್ಲ. ಲಂಚ್ ಟೈಮಲ್ಲಿ ಹತ್ತು ನಿಮಿಷ ಆಗೋ ಕೆಲಸ ಅಲ್ಲ, ಮಾಡಿದ್ರೆ ನಿಮಗೇ ಅನ್ಯಾಯ. ಮೊದಲು ಕೆಲವು ಪ್ರಶ್ನೆ ಕೇಳ್ಬೇಕು, ಅದಕ್ಕೆ ದುಡ್ಡಿಲ್ಲ. ನಾಳೆ ಸಂಜೆ ಫೋನಲ್ಲಿ ಮಾತಾಡೋಣ. ಆಮೇಲೆ ನಾನು ಮಾಡ್ಬೇಕಾ, ಬೇರೆಯವರ ಹತ್ರ ಹೋಗ್ಬೇಕಾ ನೋಡೋಣ."

ಪ್ರಶ್ನೆ ಕೇಳಿದಾಗ ಸಿಕ್ಕಿದ್ದು

ಈ ಪ್ರಕರಣದ ಜೀವ ಇರುವುದು ಆ ಫೋನ್ ಮಾತಿನಲ್ಲಿ. ಆಕೆ ಎಲ್ಲ ಹೊಸ ಕ್ಲೈಂಟ್‌ಗಳಿಗೆ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಭಯ ಯಾವಾಗಿನಿಂದ? ಸೂಜಿ ಕಂಡಾಗ ಮೈಯಲ್ಲಿ ಏನಾಗುತ್ತದೆ? ಯಾವತ್ತಾದರೂ ಪ್ರಜ್ಞೆ ತಪ್ಪಿದೆಯಾ?

ತಪ್ಪಿತ್ತು. ಒಂದಕ್ಕಿಂತ ಜಾಸ್ತಿ ಸಲ. ಒಮ್ಮೆ ಕುರ್ಚಿಯಿಂದ ಬಿದ್ದು ಹಣೆಗೆ ಪೆಟ್ಟೂ ಆಗಿತ್ತು. ಬಿದ್ದರೆ ಎತ್ತೋರು ಯಾರು ಅನ್ನುವ ಜೋಕಿನ ಮೂಲ ಇದೇ.

ಬೇರೆ ಭಯಗಳಿಗೂ ರಕ್ತ-ಸೂಜಿಯ ಭಯಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಎತ್ತರದ ಭಯ, ನಾಯಿಯ ಭಯ ಇದ್ದವರಿಗೆ ಎದೆ ಬಡಿತ ಏರುತ್ತದೆ, ಏರಿದ್ದು ಹಾಗೇ ಇರುತ್ತದೆ. ಹೀಗಾಗಿ ಅವರು ಮೂರ್ಛೆ ಹೋಗುವುದು ಅಪರೂಪ. ರಕ್ತ-ಸೂಜಿಯ ಭಯದಲ್ಲಿ ಹಲವರಿಗೆ ರಕ್ತದೊತ್ತಡ ಮೊದಲು ಏರಿ, ಆಮೇಲೆ ಧಡಕ್ಕನೆ ಇಳಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತಿ ಬೀಳುತ್ತಾರೆ. ಅಂಥವರಿಗೆ "ಮೈ ಸಡಿಲ ಬಿಡಿ, ಇನ್ನೂ ಸಡಿಲ ಬಿಡಿ" ಅನ್ನುವುದು ತಪ್ಪು ದಿಕ್ಕಿನ ಸಲಹೆ ಆಗಬಹುದು. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಮತ್ತು ಸ್ಟೆರ್ನರ್ 1987ರಲ್ಲಿ ವಿವರಿಸಿದ ವಿಧಾನ ಇದಕ್ಕೆ ಉಲ್ಟಾ. ಕೈ, ಮುಂಡ, ಕಾಲಿನ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿ ಹಿಡಿಯುವುದು, ಮುಖಕ್ಕೆ ಬಿಸಿ ಏರಿದಾಗ ಬಿಡುವುದು. ಬಿಟ್ಟಾಗ ಪೂರ್ತಿ ಸಡಿಲವಾಗದೆ ಮಾಮೂಲು ಸ್ಥಿತಿಗೆ ಬರುವುದು. 20-30 ಸೆಕೆಂಡ್ ಬಿಟ್ಟು ಮತ್ತೆ ಬಿಗಿ ಹಿಡಿಯುವುದು. ಇದರಿಂದ ರಕ್ತದೊತ್ತಡ ಇಳಿಯದಂತೆ ತಡೆಯಬಹುದು. ಇದನ್ನು ತಿಳಿದವರ ಹತ್ತಿರವೇ ಕಲಿಯಬೇಕು. ಹೃದಯದ ತೊಂದರೆ, ಬಿಪಿ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಈಗ ಆ ಹತ್ತು ನಿಮಿಷದ ಲಂಚ್ ಸೆಷನ್ ಊಹಿಸಿಕೊಳ್ಳಿ. ತರಬೇತಿಯಲ್ಲಿ ಮೊದಲು ಕಲಿಸುವುದೇ ರಿಲ್ಯಾಕ್ಸ್ ಮಾಡಿಸುವುದು. ಹೊಸ ಹಿಪ್ನಾಟಿಸ್ಟ್ ಅದನ್ನೇ ಮಾಡುತ್ತಿದ್ದರು. ಸೂಜಿ ಕಂಡರೆ ಮೈ ಇನ್ನಷ್ಟು ಸಡಿಲವಾಗುತ್ತದೆ ಅನ್ನುವ ಸಜೆಷನ್ನೂ ಸೇರುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು, ಆದರೆ ಈ ಮನುಷ್ಯನಿಗಲ್ಲ.

ಪುಕ್ಕಟೆ ಸೆಷನ್ ಬೇಡ ಅನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ, ದುಡ್ಡು ಕೊಡದಿದ್ದರೆ ಜನಕ್ಕೆ ಬೆಲೆ ಗೊತ್ತಾಗುವುದಿಲ್ಲ ಅಂತ. ನನಗೆ ಅದು ಅಷ್ಟು ಒಪ್ಪಿಗೆ ಇಲ್ಲ. ಉಚಿತ ಚಿಕಿತ್ಸೆ ಪಡೆದು ಗುಣವಾದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ತೊಂದರೆ ಇರುವುದು ಫೀಸಿನ ಜೊತೆಗೆ ಮತ್ತೇನೇನು ಬಿಟ್ಟುಹೋಗುತ್ತದೆ ಅನ್ನುವಲ್ಲಿ. ಪ್ರಶ್ನೆ ಕೇಳುವುದು ಬಿಟ್ಟುಹೋಗುತ್ತದೆ, ಒಪ್ಪಿಗೆ ಪತ್ರ ಬಿಟ್ಟುಹೋಗುತ್ತದೆ, ಸಮಯ ಬಿಟ್ಟುಹೋಗುತ್ತದೆ. ನಡುವೆ ನಿಲ್ಲಿಸಿ ಅನ್ನುವ ಧೈರ್ಯವೂ ಕ್ಲೈಂಟ್‌ಗೆ ಇರುವುದಿಲ್ಲ, ಪಾಪ ಫ್ರೀಯಾಗಿ ಮಾಡುತ್ತಿದ್ದಾರೆ ಅನ್ನುವ ಮುಲಾಜು.

ಕಲಿಯುವವರಿಗೆ ಇನ್ನೊಂದು ನಷ್ಟ ಇದೆ. ಮಾರ್ಟಿನ್ ಆರ್ನ್ ಎಂಬ ಹಿಪ್ನಾಸಿಸ್ ಸಂಶೋಧಕರು 1962ರಲ್ಲಿ ಒಂದು ಮುಖ್ಯ ವಿಷಯ ಬರೆದರು. ಪ್ರಯೋಗಕ್ಕೆ ಬಂದವರು ಪ್ರಯೋಗ ಮಾಡುವವರಿಗೆ ಏನು ಬೇಕು ಅಂತ ಸುಳಿವು ಹಿಡಿದು, ಗೊತ್ತಿಲ್ಲದೆಯೇ ಹಾಗೆ ನಡೆದುಕೊಳ್ಳುತ್ತಾರೆ. ಪುಕ್ಕಟೆ ಸೆಷನ್‌ಗೆ ಬಂದ ಗೆಳೆಯರಲ್ಲಿ ಇದು ಇನ್ನೂ ಜಾಸ್ತಿ. ಕಣ್ಣು ಬಿಟ್ಟ ಕೂಡಲೇ "ಸೂಪರ್ ಆಗಿತ್ತು" ಅನ್ನುತ್ತಾರೆ. ನಿಜವಾಗಿ ಏನಾಯಿತು ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ಹೀಗೆ ಹತ್ತು ಜನ ಹೊಗಳಿದ ಮೇಲೆ ನಿಮಗೆ ಕೆಲಸ ಬರುತ್ತದೆ ಅಂತ ನೀವೇ ನಂಬಿಬಿಡುತ್ತೀರಿ.

ಹಾಗಾದರೆ ಹೊಸಬರು ಪುಕ್ಕಟೆ ಮಾಡಲೇಬಾರದಾ? ಮಾಡಬೇಕು, ಅಭ್ಯಾಸ ಬೇಕಲ್ವಾ. ಆದರೆ ಯಾರಿಗೆ, ಯಾವಾಗ, ಎಷ್ಟು ಅಂತ ನೀವು ಮೊದಲೇ ನಿರ್ಧರಿಸಿರಬೇಕು. ಯಾರು ಒತ್ತಾಯ ಮಾಡಿದರೋ ಅವರಿಗಲ್ಲ. ಆಕೆ ತಿಂಗಳಿಗೆ ಇಂತಿಷ್ಟು ಅಭ್ಯಾಸದ ಸೆಷನ್ ಅಂತ ಇಟ್ಟುಕೊಂಡಿದ್ದರು. ಸಾದಾ ವಿಷಯಗಳಿಗೆ ಮಾತ್ರ, ಪ್ರಶ್ನೆ-ಒಪ್ಪಿಗೆ ಎಲ್ಲ ದುಡ್ಡಿನ ಸೆಷನ್‌ನಂತೆಯೇ. ಇದು ಅಭ್ಯಾಸ ಅಂತ ಬಾಯಿ ಬಿಟ್ಟು ಹೇಳಿಯೇ ಮಾಡುವುದು.

ಈ ನಿಯಮದಿಂದ ಒಬ್ಬರಿಗೆ ಬೇಜಾರೂ ಆಯಿತು. ಆಕೆಯ ಚಿಕ್ಕಮ್ಮ ಮಗನ ಪರೀಕ್ಷೆ ಭಯಕ್ಕೆ ಕರೆದುಕೊಂಡು ಬರ್ತೀನಿ ಅಂದಿದ್ದರು. ಹುಡುಗನಿಗೆ ಬರುವ ಮನಸ್ಸಿರಲಿಲ್ಲ. "ಅವನಿಗೆ ಹೇಳ್ಬೇಡ ಕಣೇ, ಮಾತಾಡ್ತಾ ಮಾತಾಡ್ತಾ ಮಾಡ್ಬಿಡು" ಅಂದರು. "ಚಿಕ್ಕಮ್ಮಾ, ಅವನಿಗೆ ಗೊತ್ತಿಲ್ದೆ ಮಾಡಲ್ಲ. ಅವನೇ ಫೋನ್ ಮಾಡ್ಲಿ, ನಾನು ಕಾಯ್ತೀನಿ" ಅಂದರು ಆಕೆ. ಹುಡುಗ ಫೋನ್ ಮಾಡಲಿಲ್ಲ. ಚಿಕ್ಕಮ್ಮ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಇದಕ್ಕೆ ನನ್ನ ಬಳಿ ಪರಿಹಾರ ಇಲ್ಲ, ಕೆಲವು ಮುನಿಸನ್ನು ತಡೆದುಕೊಳ್ಳಲೇಬೇಕು.

ತೀರ್ಮಾನ ಮತ್ತು ಆಮೇಲೆ

ಸಹೋದ್ಯೋಗಿಯನ್ನು ಕ್ಲೈಂಟ್ ಆಗಿ ತೆಗೆದುಕೊಳ್ಳಬೇಕಾ ಅನ್ನುವುದರಲ್ಲಿ ನಮ್ಮಿಬ್ಬರಿಗೂ ಪೂರ್ತಿ ಒಮ್ಮತ ಇರಲಿಲ್ಲ. ಬಿಗಿ ಹಿಡಿಯುವ ವಿಧಾನ ಬೇರೆಯವರು ಕಲಿಸಲಿ, ಜೊತೆಗೆ ಧೈರ್ಯಕ್ಕೆ ಒಂದು ಸೆಷನ್ ನಾನು ಮಾಡಬಹುದಲ್ವಾ ಅನ್ನುವುದು ಆಕೆಯ ವಾದ. ಅದರಲ್ಲಿ ಹುರುಳಿಲ್ಲ ಅಂತ ಅಲ್ಲ. ನೋವು, ಚಿಕಿತ್ಸೆಗೆ ಮೊದಲಿನ ಆತಂಕ ಇವುಗಳಲ್ಲಿ ಹಿಪ್ನಾಸಿಸ್ ನೆರವಾಗುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇದೆ. ನನ್ನ ತಕರಾರು ಬೇರೆ. ದಿನಾ ಪಕ್ಕದಲ್ಲಿ ಕೂತು ಕೆಲಸ ಮಾಡುವವರು. ನಾಳೆ ಕೆಲಸದ ವಿಷಯಕ್ಕೆ ಜಗಳ ಆದರೆ? ಅವರ ಅತ್ಯಂತ ನಾಚಿಕೆಯ ವಿಷಯ ಆಕೆಗೆ ಗೊತ್ತಿರುತ್ತದೆ. ಈಗಷ್ಟೇ ಶುರು ಮಾಡಿದವರಿಗೆ ಈ ಹೊರೆ ಬೇಡ ಅಂದೆ. ಕೊನೆಗೆ ಆಕೆ ಒಪ್ಪಿದರು, ಅರೆಮನಸ್ಸಿನಿಂದ.

ಆತನಿಗೆ ಹೇಳಿದ್ದು ಇಷ್ಟು. ಪ್ರಜ್ಞೆ ತಪ್ಪಿದ ವಿಷಯವನ್ನು ಮೊದಲು ವೈದ್ಯರಿಗೆ ಹೇಳಿ. ರಕ್ತ ತೆಗೆಯುವವರಿಗೂ ಮೊದಲೇ ಹೇಳಿ, ಮಲಗಿಕೊಂಡೇ ಕೊಡ್ತೀನಿ ಅನ್ನಿ. ಈ ಭಯಕ್ಕೆ ತರಬೇತಿ ಕೊಡುವ ಮನಶ್ಶಾಸ್ತ್ರಜ್ಞರನ್ನು ನೋಡಿ. ಹೋಗುವ ಮೊದಲು ಏನೇನು ಕೇಳಬೇಕು ಅಂತ ಆಕೆ ಬರೆದುಕೊಟ್ಟರು. ಆತ ಮೊದಲು ಸ್ವಲ್ಪ ಪೆಚ್ಚಾದರು. "ನೀವೇ ಮಾಡ್ತೀರ ಅಂದ್ಕೊಂಡಿದ್ದೆ." ಆಮೇಲೆ ಹೋದರು.

ರಕ್ತ ಪರೀಕ್ಷೆ ಆಯಿತು. ಮಲಗಿಯೇ ಕೊಟ್ಟರಂತೆ. ಸೂಜಿ ಚುಚ್ಚುವ ಕೈಯನ್ನು ಸಡಿಲ ಬಿಟ್ಟು ಕಾಲುಗಳನ್ನು ಬಿಗಿ ಹಿಡಿದಿದ್ದರಂತೆ. ತಲೆ ಸುತ್ತು ಬಂತು, ಪ್ರಜ್ಞೆ ತಪ್ಪಲಿಲ್ಲ. ಒಂದು ಸಲ ಹೀಗಾದ ಮಾತ್ರಕ್ಕೆ ಭಯ ಹೋಯಿತು ಅನ್ನಲಾಗದು. ಆಪರೇಷನ್‌ಗೆ ಮೊದಲು ಇನ್ನೂ ಕೆಲವು ಸಲ ತರಬೇತಿಗೆ ಹೋಗಿದ್ದಾರೆ.

ಇದರಲ್ಲಿ ಹಿಪ್ನಾಸಿಸ್ ಒಂದು ನಿಮಿಷವೂ ಇರಲಿಲ್ಲ. ಆದರೆ ಕಚೇರಿಯಲ್ಲಿ ಹರಡಿದ್ದೇ ಬೇರೆ: "ಮೇಡಂ ಹಿಪ್ನಟೈಸ್ ಮಾಡಿದ್ರಂತೆ, ಸೂಜಿ ಗೊತ್ತೇ ಆಗ್ಲಿಲ್ವಂತೆ!" ಆಕೆಗೆ ಇದು ಇಕ್ಕಟ್ಟಿಗೆ ಬಂತು. ಸುಳ್ಳು ಅಂದರೆ ಆತ ತನ್ನ ಬಳಿ ಬಂದಿದ್ದನ್ನು ಒಪ್ಪಿದ ಹಾಗೆ. ಸುಮ್ಮನಿದ್ದರೆ ಮಾಡದ ಕೆಲಸದ ಹೆಸರು ತೆಗೆದುಕೊಂಡ ಹಾಗೆ. ಆಕೆ ಆತನನ್ನೇ ಕೇಳಿದರು, ನಾನು ಏನು ಹೇಳಬಹುದು ಅಂತ. ಆತ ಒಂದು ದಿನ ಎಲ್ಲರೆದುರು ತಾವೇ ಹೇಳಿಕೊಂಡರು. "ಮೇಡಂ ಏನೂ ಮಾಡಿಲ್ಲ ಕಣ್ರೋ. ಪ್ರಶ್ನೆ ಕೇಳಿ ಡಾಕ್ಟರ್ ಹತ್ರ ಓಡಿಸಿದ್ರು." ಎಲ್ಲರೂ ನಕ್ಕರು. ಕೋಳಿ ಜೋಕ್ ಈಗಲೂ ನಡೆಯುತ್ತದೆ, ಆತನೇ ಮಾಡುತ್ತಾರೆ.

ಈಗ ಆಕೆಯ ಬಳಿ ಹೊಸ ಕೋರಿಕೆಗಳಿವೆ. ಇಬ್ಬರನ್ನು ಮುಂದಿನ ತಿಂಗಳ ಅಭ್ಯಾಸದ ಪಟ್ಟಿಗೆ ಸೇರಿಸಿದ್ದಾರೆ, ಇಬ್ಬರೂ ಕಚೇರಿಯ ಹೊರಗಿನವರು. ಮೂರನೆಯ ಕೋರಿಕೆ ಆಕೆಯ ಮ್ಯಾನೇಜರ್‌ದು. ಸಿಗರೇಟು ಬಿಡಿಸಬೇಕಂತೆ. ಫೀಸ್ ಎಷ್ಟಾದರೂ ಕೊಡ್ತೀನಿ ಅಂದಿದ್ದಾರೆ. ಆಕೆಯ ಬಡ್ತಿಯ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ. ದುಡ್ಡು ಕೊಡುತ್ತಾರಲ್ವಾ, ಈಗ ಸರಿನಾ ಅಂತ ಆಕೆ ಕೇಳಿದರು. ಬೇಡ ಅಂದೆ. ಸಿಗರೇಟು ಬಿಡಿಸುವುದರಲ್ಲಿ ಹಿಪ್ನಾಸಿಸ್ ಬೇರೆ ವಿಧಾನಗಳಿಗಿಂತ ಮೇಲು ಅನ್ನಲು ಗಟ್ಟಿ ಆಧಾರ ಇಲ್ಲ, ಅದನ್ನೂ ಅವರಿಗೆ ನೇರವಾಗಿ ಹೇಳಿ, ಬೇರೆ ಇಬ್ಬರ ನಂಬರ್ ಕೊಡಿ ಅಂದೆ. ನಂಬರ್ ಅವತ್ತೇ ಕಳಿಸಿದರು.